ಸ್ಟ್ರೆಚರ್ ತರಲು ಔರಾದಿಗೆ

ಹುಬ್ಬಳ್ಳಿಯಿಂದ ಹೊರಟ ಬಸ್ಸು ಹುಮನಾಬಾದ್ ಮುಟ್ಟುವ ಹೊತ್ತಿಗೆ ಬೆಳಕು ಹರಿದಿತ್ತು. ಹಿಂದಿನ ಸಂಜೆಯಿಂದ ನನ್ನ ಮೊಣಕಾಲು ಮುಂದಿನ ಸೀಟಿನ ಕಬ್ಬಿಣಕ್ಕೆ ಒತ್ತಿಕೊಂಡಿದ್ದರಿಂದ ಚಹಾಕ್ಕೆ ಇಳಿದಾಗ ಕಾಲು ನನ್ನದೇ ಹೌದೋ ಅಲ್ಲವೋ ಎನ್ನುವಂತಾಗಿತ್ತು. ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ನಿಲ್ದಾಣದಲ್ಲಿ ಹೈದರಾಬಾದ್ ಕಡೆಯ ಬಸ್ಸಿಗೆ ಕಾಯುತ್ತಿದ್ದವರೇ ಹೆಚ್ಚು. ಹಾಸಿಗೆ ಸುರುಳಿ, ಅಡುಗೆಯ ಪಾತ್ರೆ ತುಂಬಿದ ಗೋಣಿಚೀಲ, ಅದರ ಮೇಲೆ ಕುಳಿತ ಮುದುಕಿ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅವರೆಲ್ಲ ಬಿಟ್ಟು ಹೊರಟ ಸೀಮೆಗೆ ನಾನು ಆಟಿಕೆ ಹುಡುಕಿಕೊಂಡು ಹೊರಟಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುವಂಥ ಕೆಲಸವೇ ಸರಿ.

ನನ್ನ ಉದ್ಯೋಗ ಹಳೆಯ ಆಟಿಕೆ ಕಾರುಗಳನ್ನು ಕೊಂಡು ಮಾರುವುದು. ಅಂಗೈಯಲ್ಲಿ ಹಿಡಿಸುವ, ಲೋಹದ ಎರಕದ, ನಮ್ಮ ಅಪ್ಪಂದಿರ ಕಾಲದ ವಿಲಾಯತಿ ಕಾರುಗಳು. "ಊರಿಗೊಂದು ದಾರಿಯಾದರ ಪೋರನಿಗೊಂದು ದಾರಿ" ಎನ್ನುತ್ತಾಳೆ ನನ್ನ ಹೆಂಡತಿ. ತಲೆ ಪೂರ್ತಿ ಬೆಳ್ಳಗಾದವನನ್ನು ಪೋರ ಎನ್ನುವುದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದೆ. ಆದರೆ ಈಚೆಗೆ ನನಗೂ ಈ ಆಟ ಸಾಕಾಗಿತ್ತು. ಒರೆಸಿ ಒರೆಸಿ ಕೈ ಸೋತಿತ್ತು, ಸಣ್ಣ ಗೀರು ಹುಡುಕಿ ಹುಡುಕಿ ಕಣ್ಣು ಸೋತಿತ್ತು. ಪುಣೆಯ ಗಿರಾಕಿಯೊಬ್ಬರು ಇಡೀ ಸಂಗ್ರಹವನ್ನು ಒಟ್ಟಿಗೇ ಕೊಳ್ಳುವುದಾಗಿ ಹೇಳಿದ್ದರು. ಒಂದೇ ತಕರಾರು: ನನ್ನ ಹತ್ತಿರವಿದ್ದ ಬಿಳಿ ಆಂಬುಲೆನ್ಸ್ ಪೂರ್ತಿ ಇರಬೇಕು. ಅದರ ಹಿಂಬದಿಯ ಎರಡು ಬಾಗಿಲು ತೆರೆದರೆ ಒಳಗೆ ಬೆರಳುದ್ದದ ಸ್ಟ್ರೆಚರ್, ಅದರ ಮೇಲೆ ನೀಲಿ ಹೊದಿಕೆ ಹೊದ್ದ ರೋಗಿ ಇರಬೇಕಿತ್ತು. ನನ್ನ ಆಂಬುಲೆನ್ಸಿಗೆ ಬಣ್ಣವಿತ್ತು, ಹೊಳಪಿತ್ತು, ಡಬ್ಬಿಯಿತ್ತು. ರೋಗಿ ಮಾತ್ರ ಇರಲಿಲ್ಲ.

ಪತ್ರಿಕೆಯಲ್ಲಿ ಫೋಟೋ ಸಮೇತ ಸಣ್ಣ ಜಾಹೀರಾತು ಕೊಟ್ಟಿದ್ದೆ. ಅದನ್ನು ನೋಡಿ ಔರಾದಿನಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದಳು. ಹೆಸರು ಸುಜಾತಾ, ಹೊಲಿಗೆ ಕೆಲಸ.

"ಆ ಸ್ಟ್ರೆಚರ್ ನನ್ನ ಕಡಿ ಅದರಿ ಅಣ್ಣಾರ. ಗಾಡಿ ಭಾಲ್ಕಿದಾಗ ನಮ್ಮ ಅಣ್ಣನ ಕಡಿ ಅದ. ಡಬ್ಬಿ ಬೀದರ್‌ನಾಗ ಅಕ್ಕನ ಮನ್ಯಾಗ ಅದ. ನಾ ಐತವಾರ ಹೈದರಾಬಾದಿಗಿ ಹೋಗ್ತೇನಿ, ನಮ್ಮ ಮನಿಯವರು ಆಗ್ಲೇ ಹೋಗ್ಯಾರ. ಅದಕ್ಕಿಂತ ಮೊದಲ ಅಕ್ಕ, ಅಣ್ಣ ಇಬ್ಬರಿಗೂ ಕರ್ಕೊಂಡು ಔರಾದಿಗಿ ಬರ್ರಿ. ಮೂವರೂ ಕೂಡಿದ್ರ ಸ್ಟ್ರೆಚರ್ ನಿಮ್ದು. ಇಲ್ಲಾಂದ್ರ ಇಲ್ಲ."

ಹುಷಾರು ಹೆಂಗಸು, ಪೂರ್ತಿ ಸೆಟ್ಟಿಗೆ ಬೆಲೆ ಹೆಚ್ಚೆಂದು ಗೊತ್ತಿರಬೇಕು ಅಂದುಕೊಂಡೆ. ಅದರ ಹಿಂದೆಯೇ ನನಗೂ ಆಸೆ ಹುಟ್ಟಿತು. ಬೇಕಾಗಿದ್ದು ಸ್ಟ್ರೆಚರ್ ಒಂದೇ. ಆದರೆ ಗಾಡಿ, ಡಬ್ಬಿ ಕೂಡ ಸಿಗುವುದಾದರೆ ಬಿಡುವುದೇಕೆ? ಸೋತ ಮನುಷ್ಯನ ಆಸೆ ಮಾತ್ರ ಸೋಲುವುದಿಲ್ಲ.

ಬೀದರಿನಲ್ಲಿ ಇಳಿದಾಗ ಗುರುವಾರ ಬೆಳಗಿನ ಬಿಸಿಲೇ ಮಧ್ಯಾಹ್ನದಂತೆ ಸುಡುತ್ತಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿಂದೆ. ಕೈ ತೊಳೆಯಲು ಕೇಳಿದರೆ ಮಾಲೀಕ ಒಂದು ಲೋಟ ನೀರು ಕೊಟ್ಟು, "ಇದ್ರಾಗೇ ನೋಡ್ರಿ" ಎಂದ. ಅಕ್ಕನ ಮನೆಗೆ ಆಟೋದವನು ನಲವತ್ತು ರೂಪಾಯಿ ಕೇಳಿದ. ಚೌಕಾಸಿ ಮಾಡಲೂ ಬೇಸರವಾಗಿ ಹತ್ತಿ ಕುಳಿತೆ. ಕೋಟೆಯ ಗೋಡೆ ಒಂದಷ್ಟು ದೂರ ಪಕ್ಕದಲ್ಲೇ ಬಂತು. ಓಣಿ ಓಣಿಯಲ್ಲೂ ನಳದ ಮುಂದೆ ಬಣ್ಣ ಬಣ್ಣದ ಖಾಲಿ ಕೊಡಗಳ ಸಾಲು, ಒಡೆಯರಿಲ್ಲದೆ ತಾವೇ ಪಾಳಿ ಹಚ್ಚಿ ನಿಂತಿದ್ದವು.

ಅಕ್ಕ ಪದ್ಮಿನಿಬಾಯಿ ಸರಕಾರಿ ಶಾಲೆಯ ಶಿಕ್ಷಕಿಯಾಗಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಬಾಗಿಲಲ್ಲೇ ನನ್ನನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿ, ತಡವಾಗಿ ಬಂದ ಹುಡುಗನನ್ನು ಒಳಗೆ ಬಿಡುವಂತೆ ಬಿಟ್ಟರು. ಬುದ್ಧನ ಮೂರ್ತಿಯ ಕೆಳಗಿನ ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಆಟಿಕೆಯ ಕತೆಯನ್ನು ಪೂರ್ತಿ ಕೇಳಿದ್ದು ಅಲ್ಲಿಯೇ.

"ನಮ್ಮ ಅಪ್ಪ ಇಲ್ಲೇ ಒಂದು ದವಾಖಾನಿದಾಗ ಆಂಬುಲೆನ್ಸ್ ಡ್ರೈವರ್ ಇದ್ರು ಸರ್. ಒಬ್ಬ ವಿಲಾಯತಿ ಡಾಕ್ಟರಮ್ಮ ವಾಪಸ್ ತಮ್ಮ ದೇಶಕ್ಕ ಹೋಗೂ ಮುಂದ ಅಪ್ಪಗ ಇದು ಕೊಟ್ರು. ಮನಿಗಿ ತಂದ್ರ ನಾವು ಮೂವರೂ ಹರದಾಡ್ಕೊಂಡು ಜಗಳ ಮಾಡೇವಿ. ಅಪ್ಪ ಏನ್ ಮಾಡ್ದ್ರು, ಡಬ್ಬಿ ನನ್ಗ ಕೊಟ್ರು, ಗಾಡಿ ತಮ್ಮ ಮಿಲಿಂದಗ ಕೊಟ್ರು, ಸ್ಟ್ರೆಚರ್ ಸಣ್ಣಾಕಿಗಿ. ಈಗ ಹ್ಯಾಂಗ ಆಡ್ತೀರಿ ಆಡ್ರಿ ಅಂದ್ರು."

"ಹ್ಯಾಂಗ ಆಡಿದ್ರಿ?"

"ಕೂಡೇ ಆಡ್ಬೇಕಾಯ್ತಲ್ರಿ! ಡಬ್ಬಿ ನಿಂದ್ರಿಸಿದ್ರ ಅದೇ ದವಾಖಾನಿ, ನಾನು ಡಾಕ್ಟರ್. ಮಿಲಿಂದ ಡ್ರೈವರ್. ಸುಜಾತಾನ ರೋಗಿ ಬರ್ಲಿಲ್ಲಾಂದ್ರ ನಮ್ಮಿಬ್ಬರಿಗೂ ಕೆಲಸಾನೇ ಇಲ್ಲ. ಆಕಿ ಬೇಕಂತಲೇ ಸಿಟ್ಟಿಗೇಳಾಕಿ." ಆ ಬಿಗಿ ಮುಖದಲ್ಲಿ ಮೊದಲ ಸಲ ನಗೆ ಕಂಡಿತು.

ಡಬ್ಬಿ ತೋರಿಸಿ ಎಂದೆ. ನಮ್ಮ ವ್ಯಾಪಾರದಲ್ಲಿ ಡಬ್ಬಿಗೆ ಎಷ್ಟು ಮಹತ್ವವೆಂದರೆ, ಕೆಲವೊಮ್ಮೆ ಕಾರಿಗಿಂತ ಅದು ಬಂದಿದ್ದ ರಟ್ಟಿನ ಡಬ್ಬಿಯೇ ಹೆಚ್ಚು ಬೆಲೆ ಬಾಳುತ್ತದೆ. ಮಕ್ಕಳು ಕಾರು ಇಟ್ಟುಕೊಂಡು ಡಬ್ಬಿ ಹರಿದು ಬಿಸಾಡುತ್ತಾರಲ್ಲ, ಅದಕ್ಕೆ. ಪದ್ಮಿನಿಬಾಯಿ ಒಳಗಿನಿಂದ ತಂದದ್ದನ್ನು ನೋಡಿ ಚಹಾದ ಕಪ್ಪನ್ನು ಕೆಳಗಿಟ್ಟೆ. ಡಬ್ಬಿಯ ಅಂಚುಗಳನ್ನು ಬಿಡಿಸಿ, ಸಪಾಟಾಗಿ ಹರಡಿ, ಲ್ಯಾಮಿನೇಶನ್ ಮಾಡಿಸಿಬಿಟ್ಟಿದ್ದರು. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಹಳದಿ ಡಬ್ಬಿ ಮಾರ್ಕ್ಸ್ ಕಾರ್ಡಿನಂತೆ ಹೊಳೆಯುತ್ತಿತ್ತು.

"ರಿಟೈರ್ ಆದಾಗ ನನ್ನ ಸರ್ಟಿಫಿಕೇಟ್ ಎಲ್ಲಾ ಮಾಡ್ಸಿದೆ, ಅದ್ರ ಕೂಡ ಇದನ್ನೂ ಮಾಡ್ಸಿದೆ ಸರ್. ಗೆದ್ದಲ ಹತ್ತಂಗಿಲ್ಲ, ನೀರ್ ಬಿದ್ರೂ ಏನಾಗಂಗಿಲ್ಲ. ಚಲೋ ಇಟ್ಟೀನಿಲ್ರಿ?"

ನಾನು ಹೂಂ ಎಂದೆ.  ಬಿಸಿ ರೋಲರಿನಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಬ್ರಹ್ಮ ಬಂದರೂ ಬಿಡಿಸಲಾರ. ಹಳೆಯ ವಸ್ತುವಿಗೆ ಪ್ರೀತಿಯಿಂದ ಆಗುವಷ್ಟು ಹಾನಿ ಅಲಕ್ಷ್ಯದಿಂದ ಆಗುವುದಿಲ್ಲ ಎಂದು ಈ ಕೆಲಸದಲ್ಲಿ ಅನೇಕ ಸಲ ಕಂಡಿದ್ದೇನೆ. ಮೂಲೆಯಲ್ಲಿ ಧೂಳು ತಿಂದು ಬಿದ್ದಿದ್ದರೆ ಆ ಡಬ್ಬಿ ಬದುಕಿರುತ್ತಿತ್ತು.

ಔರಾದಿಗೆ ಬರಬೇಕಲ್ಲ ಎಂದಾಗ ಅವರು ತಲೆಯಾಡಿಸಿದರು. ಶನಿವಾರ ನಳಕ್ಕೆ ನೀರು ಬಿಡುವ ಅಂದಾಜಿದೆಯಂತೆ. ಆ ದಿನ ತಪ್ಪಿದರೆ ಮತ್ತೆ ಯಾವಾಗಲೋ. "ನೀರ ಬಿಟ್ಟು ಯಾವ ಊರಿಗಿ ಹೋಗ್ಲಿ ಸರ್? ಅಪ್ಪ ಹೋದ ಮ್ಯಾಲ ನಾವು ಮೂವರೂ ಒಂದ ಕಡಿ ಕೂತಿಲ್ಲ. ಹ್ಯಾಂಗ ಕೂಡ್ಬೇಕು? ನನಗ ನೀರಿನ ಪಾಳಿ, ಅವನಿಗಿ ಟ್ಯಾಂಕರ್ ಖೇಪು, ಆಕಿಗಿ ಹೊಲಗಿ."

"ಜಗಳ ಏನಾರ ಆಗೈತೇನ್ರಿ?"

"ಏ, ಜಗಳ ಯಾತಕ್ಕ? ಜಗಳ ಇಲ್ಲೇ ಇಲ್ಲ." ಹೇಳಿ ಹಾಳೆಯನ್ನು ಮತ್ತೆ ಒಳಗೆ ಒಯ್ದರು. ನಾನು ಎದ್ದು ಬಂದೆ. ಲಾಡ್ಜಿನಲ್ಲಿ ಸ್ನಾನಕ್ಕೆ ಅರ್ಧ ಬಕೆಟ್ ನೀರು ಕೊಟ್ಟರು. ಅಷ್ಟರಲ್ಲೇ ಮುಗಿಸಿ, ಫ್ಯಾನಿನ ಬಿಸಿಗಾಳಿಗೆ ಮೈಯೊಡ್ಡಿ ಬಿದ್ದುಕೊಂಡೆ. ಹುಬ್ಬಳ್ಳಿಗೆ ತಿರುಗಿ ಹೋಗಿಬಿಡಲೇ ಎಂದು ಒಮ್ಮೆ ಅನಿಸಿದ್ದು ನಿಜ.

ಶುಕ್ರವಾರ ಭಾಲ್ಕಿಯ ಬಸ್ಸು ಹತ್ತಿದೆ. ನಲವತ್ತು ಕಿಲೋಮೀಟರಿನ ಆಚೀಚೆ, ಟಿಕೆಟ್ಟೂ ಅಷ್ಟೇ. ಪಕ್ಕದಲ್ಲಿ ಕುಳಿತ ಪೇಟಾ ಸುತ್ತಿದ್ದ ಹಿರಿಯರು ನನ್ನ ಕೆಲಸ ಏನೆಂದು ಕೇಳಿದರು. ಹೇಳಿದೆ. ಅವರು ಬಹಳ ಹೊತ್ತು ವಿಚಾರ ಮಾಡಿ, "ಅಂದ್ರ ಚಕ್ಕಡಿ ಸಣ್ಣುದು ಸಿಗ್ತದೇನ್ರಿ? ಎತ್ತ ಇದ್ದಿದ್ದು?" ಎಂದರು. ಇಲ್ಲವೆಂದೆ. "ಮತ್ತ ಏನ್ ಆಟಗಿ ಅದು" ಎಂದು ಕಿಟಕಿಯ ಕಡೆ ತಿರುಗಿ ನಿದ್ದೆ ಹೋದರು. ಕಪ್ಪು ಹೊಲಗಳು ಬಾಯಿಬಿಟ್ಟುಕೊಂಡಿದ್ದವು. ಒಂದು ಹಳ್ಳದಲ್ಲಿ ಹೆಂಗಸರು ಮರಳು ತೋಡಿ ವರ್ತಿ ಮಾಡಿ, ಚರಿಗೆಯಿಂದ ನೀರು ಮೊಗೆದು ಕೊಡಕ್ಕೆ ಸುರಿಯುತ್ತಿದ್ದರು.

ಮಿಲಿಂದನ ಮನೆ ಭಾಲ್ಕಿಯ ಅಂಚಿನಲ್ಲಿ. ಅಂಗಳದಲ್ಲಿ ಟ್ಯಾಂಕರ್ ಲಾರಿ ನಿಂತಿತ್ತು. ಮಾಲೀಕ ಬೇರೆ, ಇವನು ಡ್ರೈವರ್. ಐವತ್ತೈದು ದಾಟಿದ ದಪ್ಪ ಮನುಷ್ಯ, ಮೀಸೆ ದಪ್ಪ, ನಗೆಯೂ ದಪ್ಪ. ಪಕ್ಕದ ಕೊಟ್ಟಿಗೆಯಲ್ಲಿ ಗೂಟಗಳಿದ್ದವು, ದನಗಳಿರಲಿಲ್ಲ. ಮೇವಿಲ್ಲದ್ದಕ್ಕೆ ಜೋಡಿ ಎತ್ತುಗಳನ್ನು ಸಂತೆಗೆ ಹೊಡೆದು ಮಾರಿದ್ದನಂತೆ. ನನ್ನನ್ನು ಹಗ್ಗದ ಮಂಚದ ಮೇಲೆ ಕೂರಿಸಿ, ಜೋಳದ ರೊಟ್ಟಿ, ಪುಂಡಿಪಲ್ಯ, ಖಾರಬ್ಯಾಳಿ ತರಿಸಿ, "ಮೊದಲ್ ಉಣ್ರಿ, ಆಮ್ಯಾಲ ನೋಡ್ರಿ. ಖುಷ್ ಆಗ್ತೀರಿ" ಎಂದ. ಆ ಖುಷಿಯ ಮಾತು ಕೇಳಿಯೇ ನನಗೆ ಅನುಮಾನ ಬಂತು.

ಊಟವಾದ ಮೇಲೆ ಅವನು ಒಂದು ಹೊಸ ಟವೆಲ್ಲಿನಲ್ಲಿ ಸುತ್ತಿದ್ದ ಗಾಡಿಯನ್ನು ತಂದು ನನ್ನ ಅಂಗೈ ಮೇಲಿಟ್ಟ. ಬಿಳಿ ಆಂಬುಲೆನ್ಸ್ ಅಲ್ಲ ಅದು. ಮೈಯೆಲ್ಲ ಕಡು ಕೆಂಪು. ಮುಂದಿನ ಎರಡು ದೀಪಗಳು ಹಸಿರು. ಮಾಡಿನ ಮೇಲೆ ಹಳದಿ ಪಟ್ಟಿ. ಬಣ್ಣ ಇನ್ನೂ ಕೈಗೆ ಅಂಟುವಂತಿತ್ತು.

"ಸುಜಾತಾ ಫೋನ್ ಮಾಡಿ ಗಿರಾಕಿ ಬರ್ಲಾಕತ್ಯಾರ ಅಂದ್ಲು. ಮೊನ್ನಿ ಕೂತು ಹಚ್ಚಿದೆ" ಎಂದ ಅವನು. "ಎತ್ತಿನ ಕೊಂಬಿಗಿ ಹಚ್ಚೂ ಬಣ್ಣ ಡಬ್ಬಿದಾಗ ಉಳದಿತ್ತು."

"ಯಾಕ ಹಚ್ಚಿದ್ರಿ?" ನನ್ನ ದನಿ ಅಳುವಂತಿತ್ತೇನೋ.

ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಯಾಕಂದ್ರ? ಮಾರೂ ಎತ್ತಿಗಿ ಮೈ ತೊಳಿಲಾರ್ದೇ, ಕೊಂಬಿಗಿ ಬಣ್ಣ ಹಚ್ಚಲಾರ್ದೇ ಯಾರಾರ ಸಂತಿಗಿ ಒಯ್ತಾರೇನ್ರಿ? ಕೊಳ್ಳಾವ್ರಿಗೂ ಮರ್ಯಾದಿ, ಎತ್ತಿಗೂ ಮರ್ಯಾದಿ."

ನಾನು ಅವನಿಗೆ ನಮ್ಮ ಸಂತೆಯ ರೀತಿ ಹೇಳಿದೆ. ಕಾರ್ಖಾನೆಯಲ್ಲಿ ಹಚ್ಚಿದ ಮೊದಲ ಬಣ್ಣಕ್ಕೇ ಬೆಲೆ. ಅದರಲ್ಲಿ ಗೀರಿರಲಿ, ಎಲ್ಲೆಲ್ಲೋ ಕಿತ್ತು ಹೋಗಿರಲಿ, ಆಡಿದ ಗುರುತು ಗುರುತೇ. ಅದರ ಮೇಲೆ ಎಷ್ಟು ಚಂದ ಬಣ್ಣ ಬಳಿದರೂ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಬೇರೆ ಗಾಲಿ ಹಾಕಿದರೂ ಅಷ್ಟೇ, ಹೊಸ ಭಾಗ ಜೋಡಿಸಿ ಹೇಳದೆ ಮಾರಿದರಂತೂ ಅದು ಮೋಸ. ತಮ್ಮ ಸಂತೋಷಕ್ಕೆ ಬಣ್ಣ ಹಚ್ಚಿ, ಸಿಂಗರಿಸಿ, ಅಂಥವನ್ನೇ ಮೆಚ್ಚುವವರಿಗೆ ಮಾರುವವರಿದ್ದಾರೆ. ಆದರೆ ಅದಕ್ಕೆ ಅಗ್ಗದ ಹೊಸ ಕಾರು ಸಾಕು. ಸಿಗದ ಹಳೆಯದನ್ನು ಮುಟ್ಟಬಾರದು.

ಮಿಲಿಂದ ಎಲ್ಲ ಕೇಳಿ ಕೊಟ್ಟಿಗೆಯ ಕಡೆ ನೋಡಿದ. "ಹಂಗಾದ್ರ ನಿಮ್ಮ ಸಂತ್ಯಾಗ ಹೊಲಸ ಎತ್ತಿಗೇ ಹೆಚ್ಚ ರೊಕ್ಕ. ಅಜಬ್ ಅದ್ರಿ." ಆಮೇಲೆ ಗಾಡಿಯನ್ನು ನೋಡಿ, "ಕೆಡಸ್ದೆ ಅನ್ನ್ರಿ" ಎಂದ.

ನಾನು ಗಾಡಿಯನ್ನು ಟವೆಲ್ಲಿನಲ್ಲಿ ಮತ್ತೆ ಸುತ್ತಿದೆ. ಡಬ್ಬಿ ಹೋಯಿತು, ಗಾಡಿ ಹೋಯಿತು, ಉಳಿದದ್ದು ಸ್ಟ್ರೆಚರ್. ಅದನ್ನಾದರೂ ಯಾರೂ ಮುದ್ದು ಮಾಡಿರದಿದ್ದರೆ ಸಾಕಪ್ಪಾ ಎಂದುಕೊಂಡೆ. ಆದರೆ ಅದು ಸಿಗಬೇಕಾದರೆ ಮೂವರೂ ಕೂಡಬೇಕು, ಅಕ್ಕ ನೀರಿನ ಪಾಳಿ ಬಿಟ್ಟು ಬರುವುದಿಲ್ಲ ಎನ್ನುತ್ತಾರೆ. ಅದನ್ನು ಮಿಲಿಂದನಿಗೆ ಹೇಳಿದೆ.

"ನೀರಿಗಿ ಅಂಜಿ ಕೂತಾಳ? ತಮ್ಮ ಟ್ಯಾಂಕರ್ ಹೊಡೀತಾನ, ಅಕ್ಕ ನೀರಿಗಿ ಅಂಜ್ತಾಳ!" ಎಂದು ತೊಡೆ ತಟ್ಟಿಕೊಂಡ. ಆಮೇಲೆ ಫೋನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತ. ಎಷ್ಟು ದಿನವಾಗಿತ್ತೋ ಫೋನು ಮಾಡದೆ. ಕೊನೆಗೂ ಹಚ್ಚಿದ. "ಅಕ್ಕಾ, ನಾ ಮಿಲಿಂದ... ಹ್ಞಾಂ, ಆರಾಮ... ಕೇಳಿಲ್ಲಿ, ಬೀದರ್‌ನಾಗ ನಮ್ಮ ದೋಸ್ತಂದು ಟ್ಯಾಂಕರ್ ಅದ. ನಾಳಿ ಮುಂಜಾನಿ ಬಂದು ನಿನ್ನ ಡ್ರಮ್ ಎಲ್ಲಾ ತುಂಬ್ತಾನ. ತುಂಬಿಸ್ಕೊಂಡು ಔರಾದಿನ ಬಸ್ ಹತ್ತು... ಹತ್ತು ಅಂದ್ರ ಹತ್ತು. ಸುಜಾತಾ ಹೊಂಟಾಳಲ್ಲ." ಆ ಕಡೆಯಿಂದ ಏನು ಬಂತೋ ಕೇಳಲಿಲ್ಲ. ಇವನು ಫೋನು ಇಟ್ಟು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬೆವರು ಎಂದೇ ನಾನು ತಿಳಿದುಕೊಂಡೆ.

ಶನಿವಾರ ಟ್ಯಾಂಕರಿನ ಕ್ಯಾಬಿನ್ನಿನಲ್ಲಿ ಹೊರಟೆವು. ಠಾಣಾ ಕುಶನೂರಿಗೆ ಒಂದು ಖೇಪು ನೀರು ಹಾಕಿ, ಖಾಲಿ ಗಾಡಿಯಲ್ಲಿ ಔರಾದಿಗೆ ಹೋಗುವುದೆಂದು ಮಾಲೀಕನನ್ನು ಕೇಳಿಕೊಂಡಿದ್ದ. ತುಂಬಿದ ಟ್ಯಾಂಕರ್ ಏರಿನಲ್ಲಿ ಮುದುಕನಂತೆ ಕೆಮ್ಮುತ್ತ ಹೋಗುತ್ತಿತ್ತು. ಇಂಜಿನ್ನಿನ ಕಾವು ಕಾಲ ಕೆಳಗೆ, ಬಿಸಿಲಿನ ಕಾವು ತಲೆಯ ಮೇಲೆ. ಕುಶನೂರು ಮುಟ್ಟುವ ಮೊದಲೇ ಜನ ಕೊಡ ಹಿಡಿದು ಓಡಿಬಂದರು. ಪೈಪು ಬಾವಿಗೆ ಇಳಿಸಬೇಕೆಂದರೆ, "ನಡೂ ಒಂದೊಂದ್ ಕೊಡ ಬಿಡ್ರಿ ಡ್ರೈವರ್ ಸಾಹೇಬ್ರ" ಎಂದು ಮುಗಿಬಿದ್ದರು. ಮಿಲಿಂದ ಬಯ್ಯುತ್ತಲೇ ಬಿಟ್ಟ. ಒಬ್ಬ ಅಜ್ಜಿಯ ಕೊಡವನ್ನು ತಾನೇ ಇಳಿದು ಹೊತ್ತು ಕಟ್ಟೆಯ ಮೇಲಿಟ್ಟು ಬಂದ.

ಮತ್ತೆ ಹತ್ತಿದಾಗ ಕೇಳಿದೆ, ಮೂವರೂ ಇಷ್ಟು ದಿನ ಯಾಕೆ ಕೂಡಲಿಲ್ಲವೆಂದು. ಅವನು ಗೇರು ಬದಲಿಸಿ, "ಗೊತ್ತಿಲ್ರಿ. ಇವತ್ತ ಹೋಗಣು, ನಾಳಿ ಹೋಗಣು ಅಂತ ಹಂಗೇ ಉಳೀತು. ಬ್ಯಾಸರಕಿ ಏನಿಲ್ಲ. ದಣಿವು" ಎಂದ. 

ಸುಜಾತಾಳದು ಔರಾದಿನ ಬಸ್‌ಸ್ಟ್ಯಾಂಡಿಗೆ ಹತ್ತಿರದ ಬಾಡಿಗೆ ಕೋಣೆ. ಸಾಮಾನು ಕಟ್ಟಿಯಾಗಿತ್ತು. ಹೊಲಿಗೆ ಯಂತ್ರಕ್ಕೆ ಗೋಣಿತಟ್ಟು ಸುತ್ತಿ ಹಗ್ಗ ಬಿಗಿದಿದ್ದಳು. ಪದ್ಮಿನಿಬಾಯಿ ನಮಗಿಂತ ಮೊದಲೇ ಬಂದು, ಲ್ಯಾಮಿನೇಶನ್ ಹಾಳೆಯನ್ನು ಸೆರಗಿನಡಿ ಹಿಡಿದುಕೊಂಡು, ಗಂಟುಗಳ ನಡುವೆ ಕುಳಿತಿದ್ದರು. ಸುಜಾತಾ ಸಣಕಲಿ, ಮಾತಿನ ಮಲ್ಲಿ. ಅಣ್ಣ ಒಳಗೆ ಕಾಲಿಟ್ಟಾಗ ಮಾತ್ರ ಅವಳ ಮಾತು ನಿಂತಿತು. "ದಪ್ಪ ಆಗಿದಿ" ಎಂದಳು ಅಷ್ಟೇ. "ನೀ ಸೊರಗಿದಿ" ಎಂದ ಅವನು. ಅಕ್ಕ ಇಬ್ಬರಿಗೂ, "ಕೂಡ್ರಿ, ಕೂಡ್ರಿ" ಎಂದು ಶಾಲೆಯಲ್ಲಿ ಅಂದಂತೆ ಅಂದರು.

ಗಾಡಿ ನೋಡಿ ಸುಜಾತಾ ಹೊಟ್ಟೆ ಹಿಡಿದು ನಕ್ಕಳು. ಪದ್ಮಿನಿಬಾಯಿ ಹಾಳೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿದರು. "ದವಾಖಾನಿ ಸಪಾಟ ಆಗ್ಯಾದ, ಬಾಗಲಾನೇ ಇಲ್ಲ!" ಎಂದ ಮಿಲಿಂದ. ಆಮೇಲೆ ಸುಜಾತಾ ಗೋಡೆಯ ಗೂಡಿನಿಂದ ಒಂದು ಕಡ್ಡಿಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟಳು. ತೆರೆದೆ. ಹತ್ತಿಯ ಮೇಲೆ ಸ್ಟ್ರೆಚರ್ ಮಲಗಿತ್ತು. ನೀಲಿ ಹೊದಿಕೆ ಒಂದು ಕಡೆ ಮಾಸಿತ್ತು, ರೋಗಿಯ ಮೂಗು ಸವೆದಿತ್ತು. ಆದರೆ ಎಲ್ಲ ಮೊದಲಿನದೇ. ಯಾರೂ ತಿದ್ದಿರಲಿಲ್ಲ. ಎತ್ತಿ ಬೆಳಕಿಗೆ ಹಿಡಿದೆ.

"ತಡೀರಿ, ಮೊದಲ್ ಆಡ್ತೀವಿ" ಎಂದು ಸುಜಾತಾ ಅದನ್ನು ನನ್ನ ಕೈಯಿಂದಲೇ ಎತ್ತಿಕೊಂಡಳು. ಗಾಡಿಯ ಹಿಂದಿನ ಬಾಗಿಲಿಗೆ ಉಗುರು ಹಾಕಿದಳು. ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಎಳೆದಳು. ಕೊಂಬಿನ ಬಣ್ಣ ಸಂದಿನಲ್ಲೆಲ್ಲ ಇಳಿದು ಬಾಗಿಲನ್ನು ಮುಚ್ಚಿಬಿಟ್ಟಿತ್ತು. ಅವಳ ಮುಖ ನೋಡಲಾಗಲಿಲ್ಲ. ಅಷ್ಟು ಹೊತ್ತು ನಗುತ್ತಿದ್ದವಳು ಗಾಡಿಯನ್ನು ಮಡಿಲಿಗೆ ಇಳಿಸಿದಳು. ಮಿಲಿಂದ ತಲೆ ತಗ್ಗಿಸಿದ.

ನನ್ನ ಚೀಲದಲ್ಲಿ ತಿನ್ನರ್ ಶೀಸೆ, ಹತ್ತಿ, ಕಟ್ಟಿಗೆಯ ಕಡ್ಡಿಗಳು ಸದಾ ಇರುತ್ತವೆ. ಬಾಗಿಲ ಸಂದಿಗೆ ತಿನ್ನರ್ ಮುಟ್ಟಿಸಿ, ಕಡ್ಡಿಯಿಂದ ಸಾವಕಾಶ ಬಿಡಿಸತೊಡಗಿದೆ. ಹಸಿ ಬಣ್ಣವಾದ್ದರಿಂದ ಬೇಗ ಎದ್ದಿತು. ಅದರ ಅಡಿಯಲ್ಲಿ ಕಂಡದ್ದೇನು? ಬಿಳಿ. ಕಾರ್ಖಾನೆಯ ಬಿಳಿ, ಒಲೆಯ ಕಾವಿನಲ್ಲಿ ಬೇಯಿಸಿ ಗಟ್ಟಿ ಮಾಡಿದ್ದು, ತಿನ್ನರಿಗೂ ಕರಗದೆ ಹಾಗೇ ಇತ್ತು.  ಹೀಗೇ ಕುಳಿತು ಪೂರ್ತಿ ಬಿಡಿಸಿದರೆ ಗಾಡಿ ಬದುಕುತ್ತದೆ. ಬಾಯಿ ಮುಚ್ಚಿಕೊಂಡು, ಕೆಟ್ಟ ಗಾಡಿಯ ಬೆಲೆಗೆ ಕೊಂಡು ಮನೆಗೆ ಒಯ್ದರೆ ಕೇಳುವವರು ಯಾರು? ಕಳ್ಳ ವಿಚಾರ, ಆದರೆ ಬಂತು. ನನ್ನ ಸುತ್ತ ಮೂರು ತಲೆಗಳು ಬಗ್ಗಿ, ಉಸಿರು ಹಿಡಿದು ಬಾಗಿಲನ್ನೇ ನೋಡುತ್ತಿದ್ದವು. ಅವರ ನಡುವೆ ಕುಳಿತು ಆ ವಿಚಾರವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲು ಆಗಲಿಲ್ಲ.

"ಕೆಳಗಿನ ಬಣ್ಣ ಚಲೋ ಐತಿ" ಎಂದೆ. "ಪೂರ್ತಿ ತೆಗದ್ರ ಮೊದಲಿನಂಗ ಆಗ್ತೈತಿ. ಬೆಲಿನೂ ಬರ್ತೈತಿ. ತೆಗೀಲೇನು?"

ಪದ್ಮಿನಿಬಾಯಿ ತಮ್ಮನ ಮುಖ ನೋಡಿದರು. ಅವನು, "ಬ್ಯಾಡ್ರಿ" ಎಂದ. "ಎತ್ತ ಹೋದ್ವು. ಅವುಗಳ ಬಣ್ಣ ಉಳದಿದ್ದು ಇದೊಂದ್ರ ಮ್ಯಾಲೇ. ಬಾಗಲ ಅಷ್ಟ ಬಿಡಿಸ್ರಿ."

ಬಾಗಿಲಷ್ಟೇ ಬಿಡಿಸಿದೆ. ಕಟಕ್ಕೆಂದು ಸದ್ದು ಮಾಡಿ ಅದು ತೆರೆಯಿತು. ಸುಜಾತಾ ರೋಗಿಯನ್ನು ಮಲಗಿಸಿದಳು, ಮಿಲಿಂದ ದಪ್ಪ ಬೆರಳಿನಿಂದ ಗಾಡಿಯನ್ನು ಗಂಟುಗಳ ನಡುವೆ, ಹೊಲಿಗೆ ಯಂತ್ರದ ಅಡಿಯಿಂದ ಸಾಗಿಸಿಕೊಂಡು ಸಪಾಟು ದವಾಖಾನೆಗೆ ತಂದ. ಬಾಯಲ್ಲಿ ಹಾರ್ನ್ ಕೂಡ ಹೊಡೆದ. "ಏನಾಗ್ಯಾದ?" ಎಂದರು ಡಾಕ್ಟರ್ ಪದ್ಮಿನಿಬಾಯಿ, ಗತ್ತಿನಿಂದ. "ದಣಿವು" ಎಂದಳು ಸುಜಾತಾ. ಅಲ್ಲಿಗೆ ಆಟ ನಿಂತಿತು. ಮೂವರೂ ಅತ್ತರು. ನಾನು ಹೊರಗೆ ಬಂದು ಟ್ಯಾಂಕರಿನ ನೆರಳಲ್ಲಿ ನಿಂತೆ.

ಸ್ವಲ್ಪ ಹೊತ್ತಿಗೆ ಸುಜಾತಾ ಕಡ್ಡಿಪೆಟ್ಟಿಗೆ ಹಿಡಿದು ಬಂದಳು. ಹಿಂದೆ ಅಕ್ಕ, ಅಣ್ಣ. "ತಗೊಳ್ರಿ ಅಣ್ಣಾರ. ಮೂವರೂ ಕೂಡಿದ್ರ ನಿಮ್ದು ಅಂದಿದ್ದೆ. ಮಾತ ಅಂದ್ರ ಮಾತ."

"ನಿಮಗ ಬೇಕಾಗಿದ್ದು ಬೆಲಿ ಅಲ್ಲಲ್ರಿ" ಎಂದೆ.

"ಅಲ್ರಿ. ಜಗಳಾಗಿದ್ರ ಯಾರಾರ ಹಿರಿಯಾರು ನಡುವ ಬಂದು ಕೂಡಸ್ತಿದ್ರು. ನಮ್ದು ಜಗಳಾನೇ ಇಲ್ಲ. ಜಗಳ ಇಲ್ಲದವರಿಗಿ ಯಾರ್ ಕೂಡಸ್ತಾರ? ಅದಕ್ಕೇ ನಿಮ್ಗ ಕರ್ಸಿದೆ. ಗಿರಾಕಿ ಅಂದ್ರ ಇವರಿಬ್ಬರೂ ಎದ್ದ ಬರ್ತಾರಂತ."

"ಮುಂದಿನ ಸಲ ಏನ್ ಮಾಡ್ತೀರಿ?"

"ಮತ್ತೊಬ್ಬರು ಗಿರಾಕಿ ನೋಡ್ಬೇಕು." ನಕ್ಕಳು, ಆದರೆ ನಗೆ ಅರ್ಧಕ್ಕೇ ನಿಂತಿತು. "ಮಾರ್ಲಾಕ ಆಗ ಏನೂ ಇರಂಗಿಲ್ಲ."

ನಾನು ಕಡ್ಡಿಪೆಟ್ಟಿಗೆಯನ್ನು ಅವಳ ಕೈಯಲ್ಲೇ ಬಿಟ್ಟು, ಮಾರುವುದು ಬೇಡ, ಹೈದರಾಬಾದಿಗೆ ಒಯ್ದು ಇಟ್ಟುಕೋ ಎಂದೆ. ಆಕೆ ತಲೆಯಾಡಿಸಿದಳು. "ಎಲ್ಲಿ ಇಡ್ಲಿ? ಈ ಬಿಲ್ಡಿಂಗಿನ ಸೈಟ್ ಮುಗೀತಂದ್ರ ಆ ಸೈಟ್. ತಗಡಿನ ಶೆಡ್ಡು. ನಾನೇ ಎಲ್ಲಿರ್ತೇನಿ ನನಗೇ ಗೊತ್ತಿಲ್ಲ, ಇದು ಬೆರಳಷ್ಟದು."

ಆ ಬಿಸಿಲಿನಲ್ಲಿ, ಕಾಲು ಸೋತು ನಿಂತವನ ಬಾಯಿಂದ ಆ ಮಾತು ಹೇಗೆ ಬಂತೋ ತಿಳಿಯದು. ಸ್ಟ್ರೆಚರ್ ನಾನೇ ಒಯ್ಯುತ್ತೇನೆ, ಆದರೆ ಕೊಂಡು ಅಲ್ಲ, ಇಟ್ಟುಕೊಂಡಿರಲು ಎಂದೆ. ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ ಬೀದರಿನ ಅಕ್ಕನ ಮನೆಗೆ ತರುತ್ತೇನೆ. ಮೂವರೂ ಕೂಡಿದ್ದರೆ ಮಾತ್ರ ಚೀಲದಿಂದ ತೆಗೆಯುತ್ತೇನೆ. "ನಿಮ್ಮ ಷರತ್ತೇ ನನಗೂ" ಎಂದೆ.

ಪದ್ಮಿನಿಬಾಯಿ ನನ್ನನ್ನು ಮತ್ತೆ ತಲೆಯಿಂದ ಚಪ್ಪಲಿಯ ತನಕ ನೋಡಿದರು. ಈ ಸಲ ಪಾಸು ಮಾಡಿದರು. "ಬರೂ ಮುಂದ ಫೋನ್ ಮಾಡ್ರಿ, ರೊಟ್ಟಿ ಬಡೀತೇನಿ" ಎಂದರು.

ಭಾನುವಾರ ಬೆಳಗ್ಗೆ ಹೈದರಾಬಾದಿನ ಬಸ್ಸಿನ ಮೇಲೆ ಹೊಲಿಗೆ ಯಂತ್ರ ಏರಿಸಿದವನು ಮಿಲಿಂದ. ಅಕ್ಕ ಶನಿವಾರವೇ ತಿರುಗುವುದನ್ನು ಬಿಟ್ಟು ಅಲ್ಲೇ ಉಳಿದಿದ್ದರು. ನಳಕ್ಕೆ ನೀರು ಬಂದಿತ್ತೆಂದು ನೆರೆಯವರು ಫೋನು ಮಾಡಿದಾಗಲೂ, "ಬರ್ಲಿ ಬಿಡು" ಎಂದಿದ್ದರು. ಸುಜಾತಾ ಕಿಟಕಿಯಿಂದ ಕೈ ಚಾಚಿ ಕಡ್ಡಿಪೆಟ್ಟಿಗೆ ಇದ್ದ ನನ್ನ ಅಂಗಿಯ ಜೇಬನ್ನು ತೋರಿಸಿ, "ಜೋಕಿ ರೀ" ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಅಣ್ಣ ಅಕ್ಕ ಇಬ್ಬರೂ ಕದಲಲಿಲ್ಲ.

ನಾನು ಪದ್ಮಿನಿಬಾಯಿಯವರ ಜೊತೆ ಸಂತಪುರದ ಮೇಲೆ ಹಾಯ್ದು ಹೋಗುವ ಬೀದರ್ ಬಸ್ಸು ಹತ್ತಿದೆ. ಅವರು ದಾರಿಯುದ್ದಕ್ಕೂ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡಿದರು. ಬೀದರ್ ಹತ್ತಿರವಾದಾಗ ಪುಣೆಯ ಗಿರಾಕಿಯ ಫೋನು ಬಂತು, ಸ್ಟ್ರೆಚರ್ ಸಿಕ್ಕಿತೇ ಎಂದು. ಮಾರಾಟಕ್ಕಿಲ್ಲ ಎಂದೆ. "ಹೋಗಲಿ ಬಿಡಿ, ಹೊಸದಾಗಿ ಮಾಡಿದ ನಕಲಿ ಸಿಗುತ್ತದೆ, ಅದನ್ನೇ ಹಾಕಿ. ಯಾರಿಗೆ ಗೊತ್ತಾಗುತ್ತದೆ?" ಎಂದರು. ರೋಗಿ ಇಲ್ಲದೆಯೇ ಕೊಳ್ಳುವುದಾದರೆ ಕೊಳ್ಳಿ ಎಂದೆ. ಉಳಿದ ಕಾರುಗಳನ್ನೆಲ್ಲ ತೆಗೆದುಕೊಳ್ಳುವುದಾಗಿ ಹೇಳಿದರು, ಆಂಬುಲೆನ್ಸ್ ಬೇಡವೆಂದರು.

ಹುಬ್ಬಳ್ಳಿ ಮನೆಯಲ್ಲಿ ಚೀಲ ಇಳಿಸಿ, ಖಾಲಿ ಆಂಬುಲೆನ್ಸಿನ ಪಕ್ಕದಲ್ಲಿ ಕಡ್ಡಿಪೆಟ್ಟಿಗೆಯನ್ನು ಇಟ್ಟೆ. ಒಳಗೆ ಹಾಕಿ ನೋಡುವ ಆಸೆಯಾಯಿತು, ಹಾಕಲಿಲ್ಲ. ಹೆಂಡತಿ ನೀರು ತಂದುಕೊಟ್ಟು, ಇಷ್ಟು ದೂರ ಹೋಗಿ ಬಿಸಿಲಲ್ಲಿ ಬೆಂದು ಏನು ತಂದಿರಿ ಎಂದು ಕೇಳಿದಳು. ಲೋಟ ತುಂಬ ಇದ್ದ ನೀರನ್ನು ಒಂದು ಹನಿಯೂ ಚೆಲ್ಲದಂತೆ ಕುಡಿದು ಮುಗಿಸಿ, ಅವಳಿಗೆ ಹೇಳಿದೆ: "ಬರೂ ವರ್ಷ ಬೀದರಿಗೆ ಹೋಗೂ ಕೆಲಸ."